ವೃದ್ಧಾಶ್ರಮದಲ್ಲಿ ದಿಢೀರ್ ಗೊಂದಲ: ಡೆಲಿರಿಯಂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಮತ್ತು ಅಕ್ಕಪಕ್ಕದ ತಾಲ್ಲೂಕುಗಳ ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುವ ಆಯಾಗಳು, ಸಿಸ್ಟರ್‌ಗಳು, ಮ್ಯಾನೇಜರ್‌ಗಳು ಕೇಳುವ ಪ್ರಶ್ನೆಗಳು ಇವು. ಅಪ್ಪ ಅಮ್ಮನನ್ನು ಅಲ್ಲಿ ಬಿಟ್ಟಿರುವ ಮಕ್ಕಳು ಕೇಳುವುದೂ ಇದರಲ್ಲಿ ಸೇರಿದೆ. ಇದನ್ನು ಓದಿ ನೀವೇ ಔಷಧಿ ಕೊಡಲು ಹೋಗಬೇಡಿ. ಡಾಕ್ಟರನ್ನು ಯಾವಾಗ ಕರೆಯಬೇಕು, ಕರೆದಾಗ ಏನು ಹೇಳಬೇಕು, ಅವರು ಬರುವವರೆಗೆ ಏನು ಮಾಡಬೇಕು, ಇಷ್ಟಕ್ಕೆ ಇದು ಸಾಕು.

ನಿನ್ನೆಯವರೆಗೆ ಚೆನ್ನಾಗಿದ್ದ ಅಜ್ಜಿ ಇವತ್ತು ಏನೇನೋ ಬಡಬಡಿಸುತ್ತಿದ್ದಾರೆ. ಏನಿದು?

"ನಿನ್ನೆಯವರೆಗೆ ಚೆನ್ನಾಗಿದ್ದರು" ಅಂದಿರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ತಲೆ ಗೊಂದಲವಾಗಿ, ಗಮನ ಒಂದು ಕಡೆ ನಿಲ್ಲದೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯದ ಹಾಗೆ ಆದರೆ ಅದನ್ನು ಡೆಲಿರಿಯಂ ಅನ್ನುತ್ತಾರೆ. ಜ್ವರ ತಲೆಗೇರಿ ಸನ್ನಿ ಹಿಡಿದಿದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದುದು ಹೆಚ್ಚು ಕಡಿಮೆ ಇದನ್ನೇ. ಆದರೆ ಜ್ವರ ಇಲ್ಲದೆಯೂ ಇದು ಬರುತ್ತದೆ. ವಯಸ್ಸಾದವರಲ್ಲಂತೂ ದೊಡ್ಡ ಸೋಂಕಿದ್ದರೂ ಎಷ್ಟೋ ಸಲ ಮೈ ಬಿಸಿಯಾಗುವುದಿಲ್ಲ.

ದೇಹದಲ್ಲಿ ಎಲ್ಲೋ ಏನೋ ಕೆಟ್ಟಿದೆ, ಅದು ಮೊದಲು ತಲೆಯಲ್ಲಿ ಕಾಣಿಸಿಕೊಂಡಿದೆ ಎಂದು ತಿಳಿಯಿರಿ. ಎದೆಯಲ್ಲಿ ಸೋಂಕಿರಬಹುದು, ಸಕ್ಕರೆ ಇಳಿದಿರಬಹುದು, ಮೂತ್ರ ಕಟ್ಟಿರಬಹುದು, ಹೊಸ ಮಾತ್ರೆ ಒಗ್ಗದೆ ಇರಬಹುದು. ಅರವತ್ತಕ್ಕೆ ಅರಳು ಮರಳು ಅಂತ ಸುಮ್ಮನೆ ಬಿಟ್ಟರೆ ಆ ಮೂಲ ಕಾರಣ ಒಳಗೇ ಬೆಳೆಯುತ್ತದೆ. ವಯಸ್ಸು ಯಾರನ್ನೂ ಒಂದೇ ರಾತ್ರಿಯಲ್ಲಿ ಹೀಗೆ ಮಾಡುವುದಿಲ್ಲ.

ನಮ್ಮಲ್ಲಿ ಅರ್ಧ ಜನಕ್ಕೆ ಮೊದಲೇ ಮರೆವಿನ ಕಾಯಿಲೆ ಇದೆ. ಇದು ಅದೇ ಅಲ್ವಾ?

ಅಲ್ಲ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಕೆರೆ ವರ್ಷಗಟ್ಟಲೆ ಬತ್ತಿದ ಹಾಗೆ ಬರುತ್ತದೆ. ಡೆಲಿರಿಯಂ ಬೋರ್‌ವೆಲ್ ಮೋಟರ್ ಟ್ರಿಪ್ ಆದ ಹಾಗೆ. ಕಾರಣ ಹುಡುಕಿ ಸರಿಮಾಡಿದರೆ ಬಹಳ ಸಲ ಮತ್ತೆ ಶುರುವಾಗುತ್ತದೆ.

ಮರೆವಿನ ಕಾಯಿಲೆ ಇರುವವರು ಮಗಳ ಹೆಸರು ಮರೆತರೂ ನೀವು ಮಾತಾಡಿಸಿದರೆ ನಿಮ್ಮ ಕಡೆ ನೋಡುತ್ತಾರೆ, ಕೇಳಿಸಿಕೊಳ್ಳುತ್ತಾರೆ. ಡೆಲಿರಿಯಂ ಬಂದವರಿಗೆ ಆ ಗಮನವೇ ನಿಲ್ಲುವುದಿಲ್ಲ. ಅರ್ಧ ಮಾತಿಗೇ ಕಣ್ಣು ಬೇರೆಡೆ ಹೋಗುತ್ತದೆ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ಇಲ್ಲವೇ ಮಾತಿನ ಮಧ್ಯೆಯೇ ತೂಕಡಿಸುತ್ತಾರೆ.

ತೊಡಕು ಎಲ್ಲಿದೆ ಅಂದರೆ, ಡಿಮೆನ್ಶಿಯಾ ಇರುವವರಿಗೇ ಡೆಲಿರಿಯಂ ಬರುವ ಸಾಧ್ಯತೆ ಜಾಸ್ತಿ. "ಅವರು ಯಾವಾಗಲೂ ಹಾಗೇ" ಅನ್ನುವ ಮಾತು ಆಶ್ರಮಗಳಲ್ಲಿ ತುಂಬಾ ಸಲೀಸಾಗಿ ಬಾಯಿಗೆ ಬರುತ್ತದೆ. ಯಾವಾಗಲೂ ಹೇಗೆ? ಹೋದ ವಾರ ತಾನೇ ಮುದ್ದೆ ಮುರಿದು ತಿನ್ನುತ್ತಿದ್ದರಾ? ಬಾತ್‌ರೂಮಿಗೆ ತಾನೇ ಹೋಗುತ್ತಿದ್ದರಾ? ಇವತ್ತು ಅದು ಆಗುತ್ತಿಲ್ಲ ಅಂದರೆ ಹೊಸದೇನೋ ಆಗಿದೆ.

ಗಲಾಟೆ ಮಾಡುವವರನ್ನು ಕಂಡುಹಿಡಿಯಬಹುದು. ಸುಮ್ನೆ ಮಲಗಿರುವವರಿಗೂ ಇದು ಇರುತ್ತದಾ?

ಇರುತ್ತದೆ, ಮತ್ತು ನಾವು ತಪ್ಪಿಸಿಕೊಳ್ಳುವುದು ಅದನ್ನೇ. ಡೆಲಿರಿಯಂ ಎರಡು ರೂಪದಲ್ಲಿ ಬರುತ್ತದೆ. ಒಂದರಲ್ಲಿ ಕೂಗಾಟ, ಬಟ್ಟೆ ಕಿತ್ತುಕೊಳ್ಳುವುದು, ರಾತ್ರಿ ಗೇಟಿನ ಕಡೆ ಹೊರಡುವುದು. ಇನ್ನೊಂದರಲ್ಲಿ ಮಂಪರು, ಕರೆದರೆ ಒಂದೇ ಮಾತಿನ ಉತ್ತರ, ಊಟ ಬಾಯಲ್ಲೇ ಉಳಿಯುವುದು. ಕೆಲವರಲ್ಲಿ ಎರಡೂ ಬೆರೆತಿರುತ್ತವೆ: ಹಗಲೆಲ್ಲ ಮಂಪರು, ಸಂಜೆ ಆದರೆ ಗಲಾಟೆ.

ಮಂಪರಿನಲ್ಲಿರುವವರು ಯಾರಿಗೂ ತೊಂದರೆ ಕೊಡುವುದಿಲ್ಲ. "ಪಾಪ, ಇವತ್ತು ಅಜ್ಜಿ ಚೆನ್ನಾಗಿ ರೆಸ್ಟ್ ತಗೊಂಡರು" ಅಂತ ಪಾಳಿ ಬದಲಾಗುವಾಗ ಹೇಳಿ ಹೋಗುತ್ತೇವೆ. ಆ ರೆಸ್ಟ್ ಬಗ್ಗೆಯೇ ಅನುಮಾನ ಪಡಬೇಕು. ನೀರು ಕುಡಿಯುವುದಿಲ್ಲ, ಮಗ್ಗುಲು ಬದಲಿಸುವುದಿಲ್ಲ, ಕಫ ಉಗುಳುವುದಿಲ್ಲ. ಬೆನ್ನು ಹುಣ್ಣು, ನ್ಯುಮೋನಿಯಾ ಎರಡಕ್ಕೂ ದಾರಿ ಅದೇ. ನನ್ನನ್ನು ಕೇಳಿದರೆ, ರಾತ್ರಿಯೆಲ್ಲ ಕೂಗಿದ ತಾತನಿಗಿಂತ ಮೊದಲು ಹಗಲೆಲ್ಲ ಮಲಗಿದ ಅಜ್ಜಿಯ ಹತ್ತಿರ ಹೋಗಿ.

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನಾನು ಹೇಗೆ ಪತ್ತೆ ಮಾಡಲಿ?

ಡಾಕ್ಟರಿಗಿಂತ ನಿಮಗೇ ಇದು ಸುಲಭ, ಯಾಕೆಂದರೆ ನಿನ್ನೆ ಅವರನ್ನು ನೋಡಿದವರು ನೀವು. "ಇವರು ಎರಡು ಮೂರು ದಿನದಿಂದ ಮೊದಲಿಗಿಂತ ಜಾಸ್ತಿ ಗೊಂದಲದಲ್ಲಿದ್ದಾರಾ?" ಈ ಒಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಹೌದು ಅನ್ನಿಸಿದರೆ ಮುಂದಿನ ಹೆಜ್ಜೆ ಇಡಿ.

ಆ ಮುಂದಿನ ಹೆಜ್ಜೆಗೆ ಫೋರ್ ಎ ಟಿ (4AT) ಅನ್ನುವ ಪರೀಕ್ಷೆ ಇದೆ. ಪುಕ್ಕಟೆ ಸಿಗುತ್ತದೆ, ಎರಡು ನಿಮಿಷದಲ್ಲಿ ಮುಗಿಯುತ್ತದೆ. ನಾಲ್ಕು ವಿಷಯ ನೋಡುತ್ತದೆ. ಮೊದಲನೆಯದು ಎಚ್ಚರ: ವಿಪರೀತ ಮಂಪರು ಅಥವಾ ವಿಪರೀತ ಚಡಪಡಿಕೆ ಇದ್ದರೆ 4 ಅಂಕ. ಎರಡನೆಯದು ವಯಸ್ಸು, ಹುಟ್ಟಿದ ದಿನ, ಈಗ ಇರುವ ಜಾಗ, ಈಗಿನ ಇಸವಿ: ಒಂದು ತಪ್ಪಿಗೆ 1, ಎರಡು ಅಥವಾ ಹೆಚ್ಚು ತಪ್ಪಾದರೆ 2. ಮೂರನೆಯದು ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿಸುವುದು: ಏಳು ತಿಂಗಳು ಸರಿಯಾಗಿ ಹೇಳಿದರೆ 0, ಅಷ್ಟು ಆಗದಿದ್ದರೆ ಅಥವಾ ಹೇಳಲು ಒಪ್ಪದಿದ್ದರೆ 1, ಹೇಳಿಸುವ ಸ್ಥಿತಿಯಲ್ಲೇ ಇಲ್ಲದಿದ್ದರೆ 2. ನಾಲ್ಕನೆಯದು ದಿಢೀರ್ ಬದಲಾವಣೆ ಅಥವಾ ಏರಿಳಿತ: ಇದ್ದರೆ 4. ಒಟ್ಟು 4 ಅಥವಾ ಅದಕ್ಕಿಂತ ಹೆಚ್ಚಾದರೆ ಡೆಲಿರಿಯಂ ಇರಬಹುದು, ಡಾಕ್ಟರ್ ನೋಡಲೇಬೇಕು.

ಗಮನಿಸಿ, ದಿಢೀರ್ ಬದಲಾವಣೆ ಒಂದಕ್ಕೇ 4 ಅಂಕ ಇದೆ. ಅಂದರೆ ನಿಮ್ಮ "ನಿನ್ನೆ ಹೀಗಿರಲಿಲ್ಲ ಸಾರ್" ಅನ್ನುವ ಮಾತಿಗೆ ಅಷ್ಟು ತೂಕ.

ಶಾಲೆಗೇ ಹೋಗದ ಅಜ್ಜಿಗೆ ಇಸವಿ, ಹುಟ್ಟಿದ ದಿನ ಕೇಳಿದರೆ ಹೇಗೆ?

ನ್ಯಾಯವಾದ ಪ್ರಶ್ನೆ. ನಮ್ಮ ಕಡೆಯ ಎಷ್ಟೋ ಹಿರಿಯರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಅಂತಲೇ ಇರುತ್ತದೆ. ಅದು ಅವರಿಗೂ ಗೊತ್ತಿಲ್ಲ, ಬರೆಸಿದವರಿಗೂ ಗೊತ್ತಿಲ್ಲ. ತಿಂಗಳ ಬದಲು ವಾರಗಳನ್ನು ಹಿಂದಕ್ಕೆ ಹೇಳಿಸಬಹುದು: ಶನಿವಾರ, ಶುಕ್ರವಾರ, ಗುರುವಾರ, ಹೀಗೆ. ಗಮನ ನೋಡಲು ಅದು ಸಾಕು. ಈಗ ಕಳೆದ ಹಬ್ಬ ಯಾವುದು, ಊರಿನ ಸಂತೆ ಯಾವ ದಿನ, ಮಕ್ಕಳ ಹೆಸರು ದೊಡ್ಡವರಿಂದ ಚಿಕ್ಕವರವರೆಗೆ, ಇಂಥವೂ ಉಪಯೋಗಕ್ಕೆ ಬರುತ್ತವೆ.

ಆದರೆ ಇದನ್ನೆಲ್ಲ ಆಶ್ರಮಕ್ಕೆ ಸೇರಿದ ಮೊದಲ ವಾರದಲ್ಲೇ ಒಮ್ಮೆ ಕೇಳಿ, ಎಷ್ಟು ಹೇಳಿದರು ಅಂತ ಬರೆದಿಡಿ. ಆಗ ಹೇಳುತ್ತಿದ್ದುದನ್ನು ಈಗ ಹೇಳಲಾಗುತ್ತಿಲ್ಲ ಅನ್ನುವುದೇ ಮುಖ್ಯ. ಮೊದಲೂ ಹೇಳದವರು ಈಗಲೂ ಹೇಳದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಭಾಷೆಯ ವಿಷಯವೂ ಇದೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಆ ಕಡೆ ಪಾವಗಡದವರ ಮನೆಮಾತು ಎಷ್ಟೋ ಸಲ ತೆಲುಗು. ಕೆಜಿಎಫ್‌ನವರು ತಮಿಳು, ಇನ್ನು ಕೆಲವರು ಉರ್ದು. ಮೈ ಸರಿಯಿಲ್ಲದಾಗ ಜನ ಹುಟ್ಟು ಭಾಷೆಗೇ ಮರಳುತ್ತಾರೆ. ಕನ್ನಡದಲ್ಲಿ ಕೇಳಿ ಉತ್ತರ ಬರಲಿಲ್ಲ ಅಂತ ಗೊಂದಲ ಅಂದುಕೊಳ್ಳಬೇಡಿ. ಮನೆಮಾತು ಬರುವವರೊಬ್ಬರನ್ನು ಕರೆದು ಕೇಳಿಸಿ. ಕಿವಿಗೆ ಮೆಷಿನ್ ಹಾಕಿದ್ದಾರಾ, ಕನ್ನಡಕ ಇದೆಯಾ ಅಂತಲೂ ಮೊದಲು ನೋಡಿ.

ಡಾಕ್ಟರ್ ಬಂದಾಗ ಸರಿಯಾಗಿಯೇ ಮಾತಾಡುತ್ತಾರೆ, ಅವರು ಹೋದ ಮೇಲೆ ಮತ್ತೆ ಶುರು. ನಮ್ಮನ್ನೇ ಸುಳ್ಳುಗಾರರ ಹಾಗೆ ನೋಡುತ್ತಾರೆ.

ಏರಿಳಿತ ಈ ಕಾಯಿಲೆಯ ಸ್ವಭಾವ. ಬೆಳಿಗ್ಗೆ ಹನ್ನೊಂದಕ್ಕೆ ನೆಟ್ಟಗೆ ಕೂತು ಮಾತಾಡಿದವರು ರಾತ್ರಿ ಎರಡಕ್ಕೆ ನಿಮ್ಮನ್ನೇ ಕಳ್ಳರು ಅನ್ನಬಹುದು. ಗಂಟೆ ಹಾಕಿ ಬರೆಯಿರಿ: "ರಾತ್ರಿ 2.10, ಗೋಡೆ ತೋರಿಸಿ ಮಾತಾಡಿದರು. 4.00, ನಿದ್ದೆ. 7.30, ಕರೆದರೂ ಕಣ್ಣು ಬಿಡಲಿಲ್ಲ." ಮನೆಯವರ ಒಪ್ಪಿಗೆ ಇದ್ದರೆ ಅರ್ಧ ನಿಮಿಷದ ವಿಡಿಯೊ ಡಾಕ್ಟರಿಗೆ ತೋರಿಸಿ, ಆಮೇಲೆ ಅಳಿಸಿ. ಆಶ್ರಮದ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಕಂಡ ತಕ್ಷಣ, ಡಾಕ್ಟರಿಗೆ ಫೋನ್ ಮಾಡುವ ಮೊದಲು ಏನು ನೋಡಲಿ?

ಸಕ್ಕರೆ ಮೊದಲು. ಬೆರಳು ಚುಚ್ಚಿ ನೋಡುವ ಮೆಷಿನ್ ಪ್ರತಿ ಆಶ್ರಮದಲ್ಲೂ ಇರಬೇಕು, ಪಟ್ಟಿಗಳ ತಾರೀಕು ಮುಗಿದಿರಬಾರದು. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಿದ್ದು, ನುಂಗಲು ಆಗುತ್ತಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಗ್ಲಿಮೆಪಿರೈಡ್, ಗ್ಲೈಬೆನ್‌ಕ್ಲಮೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಏರಿದ ಸಕ್ಕರೆ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯುತ್ತದೆ. ಹಾಗಾಗಿ ಸರಿಹೋಯಿತು ಅಂತ ಬಿಡದೆ ಡಾಕ್ಟರಿಗೆ ತೋರಿಸಿ.

ಆಮೇಲೆ ಜ್ವರ, ನಾಡಿ, ಬಿಪಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಆಕ್ಸಿಜನ್. ಒಂದು ನಿಮಿಷ ಉಸಿರು ಎಣಿಸಿ. ನಂತರ ಮೈ ನೋಡಿ. ಎಲ್ಲಾದರೂ ಬಿದ್ದ ಗುರುತು, ತಲೆಯಲ್ಲಿ ಊತ ಇದೆಯಾ? ಹೊಕ್ಕುಳ ಕೆಳಗೆ ಗಟ್ಟಿಯಾಗಿ ಉಬ್ಬಿದೆಯಾ? ಉಬ್ಬಿದ್ದರೆ ಮೂತ್ರ ಕಟ್ಟಿರಬಹುದು. ಪ್ರಾಸ್ಟೇಟ್ ದೊಡ್ಡದಾಗಿರುವ ತಾತಂದಿರಲ್ಲಿ ಇದು ಸಾಮಾನ್ಯ. ಸ್ವಲ್ಪ ಸ್ವಲ್ಪ ಸೋರುತ್ತಾ ಡೈಪರ್ ಒದ್ದೆಯಾಗಿದ್ದರೂ ಒಳಗೆ ಮೂತ್ರ ಕಟ್ಟಿರಬಹುದು, ಮೋಸಹೋಗಬೇಡಿ. ಕಡೆಯ ಸಲ ಕಕ್ಕಸಿಗೆ ಹೋದದ್ದು ಯಾವಾಗ? ಮೂರು ದಿನಕ್ಕಿಂತ ಜಾಸ್ತಿ ಆಗಿದ್ದರೆ ಅದೂ ಒಂದು ಕಾರಣ. ಕಬ್ಬಿಣಾಂಶದ ಮಾತ್ರೆ, ನೋವಿನ ಮಾತ್ರೆ ಟ್ರಾಮಡಾಲ್ ಇವು ಮಲಬದ್ಧತೆ ತರುತ್ತವೆ. ಬೆನ್ನು, ಹಿಮ್ಮಡಿ, ಕಾಲ್ಬೆರಳ ಸಂದು ಬಿಡಿಸಿ ನೋಡಿ. ಬಾಯೊಳಗೆ ನೋಡಿ: ನಾಲಿಗೆ ಒಣಗಿದೆಯಾ, ಹಲ್ಲುಸೆಟ್ ಒತ್ತಿ ಹುಣ್ಣಾಗಿದೆಯಾ?

ನೋವು ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುವವರೇ ಜಾಸ್ತಿ. ಮಗ್ಗುಲು ತಿರುಗಿಸುವಾಗ ಮುಖ ಕಿವುಚಿದರಾ, ನರಳಿದರಾ, ಒಂದು ಕಾಲನ್ನು ಮಾತ್ರ ಕಾಪಾಡಿಕೊಳ್ಳುತ್ತಿದ್ದಾರಾ, ಅದನ್ನು ನೋಡಿ.

ಯಾವಾಗ ಕಾಯದೆ 108ಕ್ಕೆ ಫೋನ್ ಮಾಡಬೇಕು?

ಎಬ್ಬಿಸಿದರೂ ಎದ್ದೇಳದಿದ್ದಾಗ. ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದುಹೋಗಿ, ಮಾತು ತೊದಲಿದಾಗ. ಇದು ಪಾರ್ಶ್ವವಾಯು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಈ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಮಾತ್ರ, ಆದ್ದರಿಂದ ಚೆನ್ನಾಗಿದ್ದುದನ್ನು ಕಡೆಯ ಸಲ ನೋಡಿದ್ದು ಎಷ್ಟು ಗಂಟೆಗೆ ಅಂತ ಹೇಳಿ. ಉಸಿರಾಡಲು ಕಷ್ಟ, ಆಕ್ಸಿಜನ್ 90ಕ್ಕಿಂತ ಕೆಳಗೆ, ಮೇಲಿನ ಬಿಪಿ 90ಕ್ಕಿಂತ ಕೆಳಗೆ, ಎದೆನೋವು, ಫಿಟ್ಸ್, ಏರದ ಸಕ್ಕರೆ, ಕಟ್ಟಿದ ಮೂತ್ರ, ಇವಕ್ಕೂ ಕಾಯಬಾರದು.

ತಲೆಗೆ ಪೆಟ್ಟು ಬಿದ್ದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಅಷ್ಟೆ. ಇದರಲ್ಲಿ ಇನ್ನೊಂದು ಮಾತು: ಮಿದುಳಿನ ಮೇಲೆ ರಕ್ತ ನಿಧಾನವಾಗಿ ಸೇರಿಕೊಂಡು ಬಿದ್ದ ಎರಡು ಮೂರು ವಾರದ ಮೇಲೆ ಗೊಂದಲ ಶುರುವಾಗಬಹುದು. ಹಳೆಯ ಬೀಳುವಿಕೆಯನ್ನೂ ಡಾಕ್ಟರಿಗೆ ಹೇಳಿ.

ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. "ಮಗ ಬೆಂಗಳೂರಿನಿಂದ ಹೊರಟಿದ್ದಾನೆ, ಬಂದ ಮೇಲೆ ಅಲ್ಲಿಗೇ ಕರೆದುಕೊಂಡು ಹೋಗುತ್ತಾನಂತೆ" ಅಂತ ಕಾಯುವುದನ್ನು ಬಿಡಿ. ಆತ ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾನೆ. ಸೀದಾ ಆಸ್ಪತ್ರೆಗೇ ಬರಲು ಹೇಳಿ.

ಮೂತ್ರದ ಸೋಂಕೇ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಮೂತ್ರ ಪರೀಕ್ಷೆ ಮಾಡಿಸಿ ಆಂಟಿಬಯೋಟಿಕ್ ಕೊಟ್ಟರೆ ಆಯ್ತಲ್ಲ?

ಇಷ್ಟು ಬೇಗ ತೀರ್ಮಾನ ಬೇಡ. ವಯಸ್ಸಾದವರ ಮೂತ್ರದಲ್ಲಿ, ಅದರಲ್ಲೂ ಅಜ್ಜಿಯರಲ್ಲಿ ಮತ್ತು ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿದವರಲ್ಲಿ, ಯಾವ ಕಾಯಿಲೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ರಿಪೋರ್ಟಿನಲ್ಲಿ ಅದು ಕಂಡಿತು ಅಂತ ಮಾತ್ರೆ ಶುರುಮಾಡಿದರೆ ನಿಜವಾದ ಕಾರಣ, ಉದಾಹರಣೆಗೆ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿದದ್ದೋ ನ್ಯುಮೋನಿಯಾವೋ, ಹಾಗೇ ಉಳಿದುಬಿಡುತ್ತದೆ. ಉರಿಮೂತ್ರ, ಚಳಿಜ್ವರ, ಹೊಸದಾಗಿ ಪದೇ ಪದೇ ಮೂತ್ರಕ್ಕೆ ಹೋಗುವುದು, ಸೊಂಟದ ಪಕ್ಕ ನೋವು ಇದ್ದರೆ ಮೂತ್ರದ ಸೋಂಕಿನ ಅನುಮಾನ ಸರಿ. ಮೆಡಿಕಲ್ ಸ್ಟೋರಿನಿಂದ ನಾವೇ ತಂದು ಕೊಡುವುದಂತೂ ಬೇಡವೇ ಬೇಡ.

ಯಾವ ಮಾತ್ರೆಗಳಿಂದ ಹೀಗಾಗುತ್ತದೆ?

ನೆಗಡಿ ಮಾತ್ರೆಯಿಂದಲೂ ಆಗುತ್ತದೆ ಅಂದರೆ ಜನ ನಂಬುವುದಿಲ್ಲ. ನೆಗಡಿ, ತುರಿಕೆಗೆ ಕೊಡುವ ಕ್ಲೋರ್‌ಫೆನಿರಮೈನ್, ಫೆನಿರಮೈನ್, ಹೊಟ್ಟೆನೋವಿನ ಡೈಸೈಕ್ಲೋಮಿನ್, ನಿದ್ದೆಗೆ, ಗಾಬರಿಗೆ ಕೊಡುವ ಅಲ್ಪ್ರಜೋಲಂ, ಡಯಾಜೆಪಾಮ್, ನೋವಿನ ಟ್ರಾಮಡಾಲ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಮೂತ್ರ ಹಿಡಿಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್. ನಲವತ್ತರ ವಯಸ್ಸಿನಲ್ಲಿ ಇವು ಬರೀ ತೂಕಡಿಕೆ ತಂದರೆ ಎಂಬತ್ತರಲ್ಲಿ ತಲೆಯನ್ನೇ ಕೆಡಿಸಬಹುದು. ಬಿಪಿಗೆ ಕೊಡುವ ಕೆಲವು ಮೂತ್ರದ ಮಾತ್ರೆಗಳು ಸೋಡಿಯಂ ಇಳಿಸುತ್ತವೆ, ಅದರಿಂದಲೂ ಗೊಂದಲ ಬರುತ್ತದೆ.

ಮಂಡಿಗೆ ಒಬ್ಬ ಡಾಕ್ಟರ್, ಸಕ್ಕರೆಗೆ ಇನ್ನೊಬ್ಬರು, ಊರ ಪಕ್ಕದ ಕ್ಲಿನಿಕ್ಕಿನವರು ಬೇರೆ. ಮೂವರ ಚೀಟಿಯ ಮಾತ್ರೆಯೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ. ಎರಡು ಕಂಪನಿ ಹೆಸರಿನಲ್ಲಿ ಒಂದೇ ಔಷಧಿ ಎರಡು ಸಲ ಹೋಗುತ್ತಿರುವುದೂ ಉಂಟು. ಆ ಕವರನ್ನು ಹಾಗೇ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಕಳೆದ ಎರಡು ವಾರದಲ್ಲಿ ಯಾವುದು ಹೊಸದು, ಯಾವುದು ನಿಂತಿತು ಅಂತ ಹೇಳಿ. ಆದರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ವರ್ಷಗಟ್ಟಲೆ ನಿದ್ದೆ ಮಾತ್ರೆ ನುಂಗಿದವರಿಗೆ ಒಮ್ಮೆಗೇ ನಿಲ್ಲಿಸಿದರೆ ಅದರಿಂದಲೇ ಡೆಲಿರಿಯಂ, ಫಿಟ್ಸ್ ಬರಬಹುದು.

ನೀರು ಕುಡಿಯಿರಿ ಅಂದರೆ ಬೇಡ ಅನ್ನುತ್ತಾರೆ. ಏನು ಮಾಡುವುದು?

ಬೇಡ ಅನ್ನುವುದರ ಹಿಂದೆ ಲೆಕ್ಕ ಇರುತ್ತದೆ. ಕುಡಿದರೆ ರಾತ್ರಿ ಏಳಬೇಕು, ಎದ್ದರೆ ಬೀಳುತ್ತೇನೆ, ಆಯಾನನ್ನು ಕರೆದರೆ ಬೈಯುತ್ತಾಳೆ. ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರನ್ನು ಜೀವನಪೂರ್ತಿ ಕುಡಿದು ಬೆನ್ನು, ಮಂಡಿ ಬಿಗಿದುಕೊಂಡವರು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರು ಜಿಲ್ಲೆಯಲ್ಲೂ ಇದ್ದಾರೆ. ಅವರಿಗೆ ಮಂಚದಿಂದ ಬಾತ್‌ರೂಮಿನವರೆಗೆ ಹೋಗುವುದೇ ದೊಡ್ಡ ಕಷ್ಟ. ದಾರಿಗೆ ಹಿಡಿಕೆ, ರಾತ್ರಿ ದೀಪ, ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟು ನೋಡಿ. ನೀರು ತಾನಾಗಿ ಇಳಿಯುತ್ತದೆ.

ಲೋಟ ತುಂಬಾ ಕೊಟ್ಟು ಹೋಗುವುದಕ್ಕಿಂತ ಗಂಟೆಗೊಮ್ಮೆ ಅರ್ಧ ಲೋಟ ಕೈಗೆ ಕೊಟ್ಟು ಎದುರಿಗೆ ನಿಲ್ಲಿ. ಮಜ್ಜಿಗೆ, ರಾಗಿ ಅಂಬಲಿ, ತಿಳಿಸಾರು, ಕಲ್ಲಂಗಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೆಚ್ಚು ಕುಡಿಸುವುದನ್ನು ಹಗಲಿನಲ್ಲೇ ಮುಗಿಸಿ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ದಿನಕ್ಕೆ ಎಷ್ಟು ಅಂತ ಡಾಕ್ಟರನ್ನು ಕೇಳಿ. ಎಳನೀರು, ಓಆರ್‌ಎಸ್ ಕೂಡ ಕೇಳಿಯೇ ಕೊಡಿ. ಕುಡಿಯುವಾಗ ಕೆಮ್ಮು ಬಂದರೆ ನಿಲ್ಲಿಸಿ, ನುಂಗುವ ತೊಂದರೆ ಇರಬಹುದು.

ರಾತ್ರಿ ಎರಡು ಗಂಟೆಗೆ ಎದ್ದು "ಹುಳಕ್ಕೆ ಸೊಪ್ಪು ಹಾಕಬೇಕು, ಬಾಗಿಲು ತೆಗಿ" ಅನ್ನುತ್ತಾರೆ. ಏನು ಹೇಳಲಿ?

ಶಿಡ್ಲಘಟ್ಟದ ಕಡೆಯ ತಾತ ಇರಬೇಕು! ರೇಷ್ಮೆ ಸಾಕಿದವರಿಗೆ ನಡುರಾತ್ರಿ ಸೊಪ್ಪು ಹಾಕುವುದು ಮೈಗೆ ಹತ್ತಿದ ಅಭ್ಯಾಸ. ಇನ್ನು ಕೆಲವರು ಕರೆಂಟ್ ಬಂತು, ಮೋಟರ್ ಹಾಕಬೇಕು ಅಂತ ಎದ್ದೇಳುತ್ತಾರೆ.

"ಎಲ್ಲಿಯ ಹುಳ, ಸುಮ್ನೆ ಮಲಕ್ಕೋ" ಅಂದರೆ ಜಗಳ ಏರುತ್ತದೆ. "ಅಯ್ಯೋ, ಆಗಲೇ ಹಾಕಿ ಬಂದೆ" ಅಂತ ದೊಡ್ಡ ಸುಳ್ಳೂ ಬೇಡ, ಮುಂದಿನ ಮಾತಿಗೆ ಸಿಕ್ಕಿಬೀಳುತ್ತೀರಿ. ಲೈಟು ಹಾಕಿ. ಎದುರಿನಿಂದ ಹೋಗಿ, ಹಿಂದಿನಿಂದ ಮುಟ್ಟಬೇಡಿ. "ತಾತ, ನಾನು ಆಶ್ರಮದ ಲಕ್ಷ್ಮಿ. ಈಗ ರಾತ್ರಿ ಎರಡು ಗಂಟೆ. ನೀವು ಕೋಲಾರದಲ್ಲಿದ್ದೀರಿ, ನಾನು ಇಲ್ಲೇ ಇದ್ದೀನಿ." ಒಂದು ಸಲಕ್ಕೆ ಒಂದೇ ಮಾತು, ನಿಧಾನವಾಗಿ. ಆಮೇಲೆ ಅವರ ಮನಸ್ಸಿನ ಜೊತೆ ಸ್ವಲ್ಪ ನಡೆಯಿರಿ: "ಎಷ್ಟು ಮೊಟ್ಟೆ ಸಾಕ್ತಿದ್ರಿ ತಾತ?" ಮಾತಾಡುತ್ತಾ ಮೂತ್ರಕ್ಕೆ ಕರೆದುಕೊಂಡು ಹೋಗಿ. ಎದ್ದ ನಿಜವಾದ ಕಾರಣ ಎಷ್ಟೋ ಸಲ ಅದೇ ಆಗಿರುತ್ತದೆ, ಇಲ್ಲವೇ ಬಾಯಾರಿಕೆ, ನೋವು, ಚಳಿ.

ಇಬ್ಬರು ಮೂವರು ಸುತ್ತುವರಿದು ಮಾತಾಡಬೇಡಿ. ಪರಿಚಯದ ಮುಖ ಒಂದೇ ಸಾಕು. ಹೊಡೆಯಲು ಬಂದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಅದು ಕೋಪಕ್ಕಿಂತ ಭಯ. ಅವರ ಕಣ್ಣಿಗೆ ನೀವು ಮನೆಗೆ ನುಗ್ಗಿದ ಅಪರಿಚಿತರು.

ನಿದ್ದೆ ಮಾತ್ರೆ ಕೊಟ್ಟು ಮಲಗಿಸಬಹುದಾ? ಬೇರೆಯವರಿಗೂ ನಿದ್ದೆ ಬೇಕಲ್ಲ.

ಬೇಡ. ಅಲ್ಪ್ರಜೋಲಂ ತರಹದ ಮಾತ್ರೆ ಗೊಂದಲವನ್ನು ಹೆಚ್ಚಿಸುತ್ತದೆ, ಎದ್ದರೆ ಬೀಳಿಸುತ್ತದೆ. ಕುಡಿತ ಅಥವಾ ಅದೇ ತರಹದ ಮಾತ್ರೆ ಬಿಟ್ಟಿದ್ದರಿಂದ ಬಂದ ಡೆಲಿರಿಯಂಗೆ ಮಾತ್ರ ಡಾಕ್ಟರ್ ಅಂಥದ್ದನ್ನು ಕೊಡುತ್ತಾರೆ.

ತುಂಬಾ ಭಯದಲ್ಲಿದ್ದು, ತಮಗೋ ಪಕ್ಕದವರಿಗೋ ಅಪಾಯ ಮಾಡಿಕೊಳ್ಳುವ ಹಾಗಿದ್ದು, ಮಾತಿನಿಂದ ಸಮಾಧಾನವಾಗದೆ ಹೋದರೆ ಡಾಕ್ಟರ್ ಹ್ಯಾಲೊಪೆರಿಡಾಲ್ ಅನ್ನು ಅತಿ ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನಕ್ಕೆ ಬರೆಯಬಹುದು. ಪಾರ್ಕಿನ್ಸನ್ ಅಥವಾ ಲೂಯಿ ಬಾಡಿ ಡಿಮೆನ್ಶಿಯಾ (ಮರೆವಿನ ಕಾಯಿಲೆಯ ಒಂದು ಬಗೆ) ಇದ್ದರೆ ಮೊದಲೇ ಹೇಳಿ, ಅವರಿಗೆ ಅದು ಅಪಾಯ. ಬರೆದ ಮಾತ್ರೆ ಎಂದು ನಿಲ್ಲಬೇಕು ಅಂತ ಅಂದೇ ಕೇಳಿ ಬರೆದುಕೊಳ್ಳಿ. ಒಂದು ವಾರಕ್ಕೆ ಶುರುವಾದದ್ದು ಎರಡು ವರ್ಷ ನಡೆಯುವುದು ಆಶ್ರಮಗಳಲ್ಲಿ ಹೊಸದೇನಲ್ಲ.

ಮಂಚಕ್ಕೆ ಕಟ್ಟಿದರೆ ಬೀಳುವುದಾದರೂ ತಪ್ಪುತ್ತದಲ್ಲ?

ತಪ್ಪುವುದಿಲ್ಲ. ಕಟ್ಟಿದವರು ಬಿಡಿಸಿಕೊಳ್ಳಲು ಹೋಗಿ ಚರ್ಮ ಕಿತ್ತುಕೊಳ್ಳುತ್ತಾರೆ, ಉಸಿರು ಕಟ್ಟಿಕೊಳ್ಳುತ್ತಾರೆ, ಗೊಂದಲ ಇನ್ನೂ ಏರುತ್ತದೆ. ಮಂಚದ ಕಂಬಿ ಹತ್ತಿ ಬಿದ್ದರೆ ಇನ್ನೂ ಎತ್ತರದಿಂದ ಬೀಳುತ್ತಾರೆ. ಹಾಸಿಗೆಯನ್ನು ನೆಲಕ್ಕೆ ಇಳಿಸಿ, ಪಕ್ಕದಲ್ಲಿ ಇನ್ನೊಂದು ಹಾಸಿ. ಸಿಬ್ಬಂದಿ ಕೂರುವ ಜಾಗದ ಹತ್ತಿರಕ್ಕೆ ಮಂಚ ತನ್ನಿ. ಅಗತ್ಯವಿಲ್ಲದ ಕ್ಯಾತಿಟರ್ ತೆಗೆಸಲು ಡಾಕ್ಟರನ್ನು ಕೇಳಿ. ಆ ನಳಿಕೆಯೂ ಒಂದು ತರಹದ ಕಟ್ಟೇ.

ಗಾಳಿ ಸೋಕಿದೆ, ಯಂತ್ರ ಕಟ್ಟಿಸೋಣ ಅಂತ ಮನೆಯವರು ಹಠ ಮಾಡುತ್ತಾರೆ.

ವಾದಕ್ಕೆ ಇಳಿಯಬೇಡಿ. ಸತ್ತುಹೋದ ಗಂಡ ಬಾಗಿಲಲ್ಲಿ ನಿಂತಿದ್ದಾನೆ ಅಂತ ಅಜ್ಜಿ ಹೇಳಿದರೆ ಮಗಳಿಗೆ ಹಾಗನ್ನಿಸುವುದು ಸಹಜ. ದೃಷ್ಟಿ ತೆಗೆಯಲಿ, ವಿಭೂತಿ ಹಚ್ಚಲಿ, ತಾಯತ ಕಟ್ಟಲಿ. ಇವತ್ತೇ ಡಾಕ್ಟರಿಗೂ ತೋರಿಸೋಣ ಅನ್ನಿ. ಆದರೆ ಮೆಣಸಿನಕಾಯಿ ಹೊಗೆ, ಉಪವಾಸ, ಹೊಡೆಯುವುದು, ಮಂಪರಿನಲ್ಲಿರುವವರ ಬಾಯಿಗೆ ತೀರ್ಥ ಹಾಕುವುದು, ಇವಕ್ಕೆ ಖಡಾಖಂಡಿತವಾಗಿ ಇಲ್ಲ ಅನ್ನಿ.

ಹೊಸದಾಗಿ ಸೇರಿದ ತಾತ ಮೂರನೇ ದಿನ ನಡುಗುತ್ತಾ ಏನೋ ಕಂಡ ಹಾಗೆ ಕೂಗುತ್ತಿದ್ದಾರೆ.

ಕುಡಿತ ಇತ್ತಾ ಅಂತ ಮನೆಯವರನ್ನು ಏಕಾಂತದಲ್ಲಿ ಕೇಳಿ. ದಿನಾ ಕುಡಿಯುವವರು ಒಮ್ಮೆಗೇ ಬಿಟ್ಟರೆ ಎರಡರಿಂದ ನಾಲ್ಕು ದಿನದೊಳಗೆ ಹೀಗಾಗುತ್ತದೆ. ಇದು ಜೀವಕ್ಕೇ ಅಪಾಯ, ಆಸ್ಪತ್ರೆಯಲ್ಲೇ ನೋಡಬೇಕು. ನಾಚಿಕೆಯಿಂದ ಮಕ್ಕಳು ಇದನ್ನು ಅರ್ಜಿಯಲ್ಲಿ ಬರೆಯುವುದಿಲ್ಲ, ಆದ್ದರಿಂದ ಸೇರಿಸಿಕೊಳ್ಳುವ ದಿನವೇ ಬಾಯಿಬಿಟ್ಟು ಕೇಳಬೇಕು. ಬೀಡಿ, ಕಡ್ಡಿಪುಡಿ ಒಮ್ಮೆಗೇ ನಿಂತರೂ ಚಡಪಡಿಕೆ ಬರುತ್ತದೆ. ಎಲೆ ಅಡಿಕೆ ಚೀಲ ಕಿತ್ತುಕೊಂಡ ದಿನದಿಂದ ಅಜ್ಜಿ ಸರಿಯಿಲ್ಲ ಅಂದರೆ ಅದನ್ನೂ ಡಾಕ್ಟರಿಗೆ ಹೇಳಿ.

ಮನೆಯವರಿಗೆ ಫೋನಿನಲ್ಲಿ ಏನು ಹೇಳಬೇಕು?

"ನಿಮ್ಮ ತಾಯಿಗೆ ತಲೆ ಕೆಟ್ಟಿದೆ" ಅಂತ ಹೇಳಬೇಡಿ, ದಯವಿಟ್ಟು. "ನಿನ್ನೆ ಸಂಜೆಯಿಂದ ಅಮ್ಮ ಗೊಂದಲದಲ್ಲಿದ್ದಾರೆ. ಮೈಯಲ್ಲಿ ಏನೋ ತೊಂದರೆ ಇರಬಹುದು. ಸಕ್ಕರೆ ಇಷ್ಟು, ಬಿಪಿ ಇಷ್ಟು. ಡಾಕ್ಟರಿಗೆ ಹೇಳಿದ್ದೇವೆ. ಹಿಂದೆ ಯಾವಾಗಲಾದರೂ ಹೀಗಾಗಿತ್ತಾ? ನೀವು ಬಂದರೆ ಒಳ್ಳೆಯದು." ಬಂದವರು ಒಬ್ಬೊಬ್ಬರೇ ಪಕ್ಕದಲ್ಲಿ ಕೂರಲಿ. ಹಳೆಯ ಕಂಬಳಿ, ಮನೆ ದೇವರ ಫೋಟೊ ತರಲಿ. "ನಾನ್ಯಾರು ಹೇಳು?" ಅಂತ ಪರೀಕ್ಷೆ ಮಾಡುವುದು ಬೇಡ. "ಅಮ್ಮ, ನಾನು ಮಂಜು" ಅಂತ ತಾವೇ ಹೇಳಲಿ.

ಎಷ್ಟು ದಿನಕ್ಕೆ ಸರಿಹೋಗುತ್ತಾರೆ?

ಕೆಲವರು ಎರಡು ದಿನಕ್ಕೆ, ಕೆಲವರು ಕೆಲವು ವಾರಕ್ಕೆ, ಇನ್ನು ಕೆಲವರಿಗೆ ತಿಂಗಳುಗಳೂ ಆಗುತ್ತವೆ. ಸೋಂಕು ವಾಸಿಯಾದ ಮೇಲೂ ತಲೆ ತಿಳಿಯಾಗಲು ಸಮಯ ಬೇಕು. ಎಲ್ಲರೂ ಮೊದಲಿನ ಮಟ್ಟಕ್ಕೆ ಬರುವುದಿಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳಬೇಕು. ಡೆಲಿರಿಯಂ ಆದವರಿಗೆ ಮುಂದೆ ಡಿಮೆನ್ಶಿಯಾ ಬರುವ ಸಾಧ್ಯತೆ ಜಾಸ್ತಿ, ಇನ್ನೊಮ್ಮೆ ಡೆಲಿರಿಯಂ ಬರುವ ಸಾಧ್ಯತೆಯೂ ಜಾಸ್ತಿ.

ಸರಿಹೋದವರಿಗೆ ಆ ದಿನಗಳು ಅರೆಬರೆ ನೆನಪಿರುತ್ತವೆ. ನಿಮ್ಮನ್ನು ಬೈದದ್ದು ನೆನಪಾಗಿ ಮುಖ ತಪ್ಪಿಸುತ್ತಾರೆ. "ಮೈ ಸರಿಯಿರಲಿಲ್ಲ ಅಜ್ಜಿ, ಅದಕ್ಕೆ ಹಾಗಾಯ್ತು" ಅಂತ ಹೇಳಿಬಿಡಿ. ಅದನ್ನೇ ತಮಾಷೆ ಮಾಡಿ ಎಲ್ಲರೆದುರು ನಗಬೇಡಿ.

ಆಸ್ಪತ್ರೆಯಿಂದ ವಾಪಸ್ ಬಂದಾಗ 'ಗುಣವಾಗಿದೆ' ಅಂತ ಚೀಟಿ ಇದೆ. ಆದರೂ ಸರಿಯಿಲ್ಲ.

ಸೋಂಕಿಗೋ ಮೂಳೆಗೋ ಗುಣ ಅಂತ ಬರೆದಿರುತ್ತಾರೆ. ಹೊಸ ಮಾತ್ರೆಗಳನ್ನು ಹಳೆಯ ಪಟ್ಟಿಯ ಪಕ್ಕ ಇಟ್ಟು ನೋಡಿ, ಕ್ಯಾತಿಟರ್ ಯಾವಾಗ ತೆಗೆಯಬೇಕು ಅಂತ ಕೇಳಿ. ಆ ವಾರ ಅವರ ಮಂಚ, ಜಾಗ, ಆಯಾ ಯಾವುದನ್ನೂ ಬದಲಿಸಬೇಡಿ.

ಬರದ ಹಾಗೆ ತಡೆಯಲು ಆಗುತ್ತದಾ?

ಸುಮಾರು ಮೂರರಲ್ಲಿ ಒಂದನ್ನು ತಡೆಯಬಹುದು. ಅಮೆರಿಕದ ಯೇಲ್‌ನಲ್ಲಿ ಶರೋನ್ ಇನೌಯೆ ಅವರ ತಂಡ ಆಸ್ಪತ್ರೆಗೆ ಸೇರಿದ 70 ದಾಟಿದ 852 ಜನರ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅಲ್ಲಿ ಹೊಸ ಔಷಧಿಯನ್ನೇನೂ ಕೊಡಲಿಲ್ಲ. ಮಾತಾಡಿಸಿದರು, ನಡೆಸಿದರು, ನೀರು ಕುಡಿಸಿದರು, ಕನ್ನಡಕ ಮತ್ತು ಕಿವಿ ಮೆಷಿನ್ ಸರಿಯಾಗಿ ಹಾಕಿಸಿದರು, ರಾತ್ರಿ ಸದ್ದು ಕಡಿಮೆ ಮಾಡಿದರು. ಮಾಮೂಲಿ ಆರೈಕೆಯಲ್ಲಿ ಶೇ. 15 ಜನರಿಗೆ ಡೆಲಿರಿಯಂ ಬಂದರೆ ಇವರಲ್ಲಿ ಶೇ. 9.9 ಜನರಿಗೆ ಬಂತು. ಅದು ಆಸ್ಪತ್ರೆಯ ಲೆಕ್ಕ, ನಿಜ. ಆದರೆ ಆ ಕೆಲಸಗಳಲ್ಲಿ ಯಾವುದಕ್ಕೂ ಆಸ್ಪತ್ರೆ ಬೇಕಾಗಿಲ್ಲ.

ನಮ್ಮಲ್ಲಿ ಅಂದರೆ: ಎಲ್ಲರಿಗೂ ಕಾಣುವ ದೊಡ್ಡ ಗಡಿಯಾರ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್, ಮತ್ತು ಅದನ್ನು ನಿಜವಾಗಿ ಹರಿಯುವ ಒಬ್ಬರು. ಬೆಳಿಗ್ಗೆ ಬಿಸಿಲಿಗೆ ಕೂರಿಸುವುದು, ಅಂಗಳದಲ್ಲಿ ಎರಡು ಸುತ್ತು. ರಾತ್ರಿ ಹತ್ತರ ಮೇಲೆ ಟಿವಿ ಬಂದ್. ಶಿವರಾತ್ರಿ ದಿನ ಉಪವಾಸ ಮತ್ತು ಜಾಗರಣೆ ಎರಡೂ ಒಟ್ಟಿಗೆ ಬಂದು, ಸಕ್ಕರೆ ಮಾತ್ರೆಯೂ ನುಂಗಿದ್ದರೆ ಮಾರನೇ ದಿನ ಒಬ್ಬರಾದರೂ ತೂರಾಡುತ್ತಾರೆ. ಭಜನೆ ಒಂಬತ್ತಕ್ಕೆ ಮುಗಿಯಲಿ. ಉಪವಾಸ ಮಾಡುವವರ ಮಾತ್ರೆ ಬಗ್ಗೆ ಹಿಂದಿನ ದಿನವೇ ಡಾಕ್ಟರನ್ನು ಕೇಳಿ.

ಮೂವತ್ತು ಜನಕ್ಕೆ ರಾತ್ರಿ ಒಬ್ಬಳೇ ಆಯಾ. ಇಷ್ಟೆಲ್ಲ ಯಾರು ಮಾಡುತ್ತಾರೆ?

ಎಲ್ಲ ಆಗುವುದಿಲ್ಲ, ಒಪ್ಪುತ್ತೇನೆ. ಒಂದು ಮಾತ್ರ ಬಿಡಬೇಡಿ: ಪಾಳಿ ಬದಲಾಗುವಾಗ "ಇವತ್ತು ಯಾರು ನಿನ್ನೆಯ ಹಾಗಿಲ್ಲ?" ಅಂತ ಕೇಳಿ, ಬಂದ ಹೆಸರನ್ನು ಪುಸ್ತಕದಲ್ಲಿ ಬರೆಯಿರಿ. ಅಡುಗೆಯವರನ್ನೂ ಕೇಳಿ. ತಟ್ಟೆ ಹಾಗೇ ವಾಪಸ್ ಬಂದದ್ದು ಮೊದಲು ಗೊತ್ತಾಗುವುದು ಅವರಿಗೆ.

ಕೊನೆಗಾಲದಲ್ಲಿರುವವರನ್ನೂ ಆಸ್ಪತ್ರೆಗೆ ಒಯ್ಯಲೇಬೇಕಾ?

ಬೇಕಾಗಿಲ್ಲ. ಕೊನೆಯ ದಿನಗಳಲ್ಲಿ ಡೆಲಿರಿಯಂ ಸಾಮಾನ್ಯ. ಮನೆಯವರು, ಡಾಕ್ಟರ್ ಮೊದಲೇ ಕೂತು ತೀರ್ಮಾನ ಮಾಡಿದ್ದರೆ ಅಲ್ಲೇ ನೋಡಿಕೊಳ್ಳಬಹುದು. ಆಗಲೂ ನೋವು, ಕಟ್ಟಿದ ಮೂತ್ರ, ಒಣಗಿದ ಬಾಯಿ, ಈ ಮೂರನ್ನು ಬಿಡುವ ಹಾಗಿಲ್ಲ.

ಯಾವ ನಂಬರ್ ಗೋಡೆಗೆ ಬರೆದಿಡಬೇಕು?

ಆಂಬುಲೆನ್ಸಿಗೆ 108. ಹಿರಿಯ ನಾಗರಿಕರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಹಗಲು ರಾತ್ರಿ ಸಿಗುತ್ತದೆ, ಸೋತುಹೋದ ಆಯಾ ಕೂಡ ಫೋನ್ ಮಾಡಬಹುದು. ಇವುಗಳ ಕೆಳಗೆ ಆಶ್ರಮಕ್ಕೆ ಬರುವ ಡಾಕ್ಟರ ನಂಬರ್, ಹತ್ತಿರದ ಆಟೊದವರದು. ದಪ್ಪ ಅಕ್ಷರದಲ್ಲಿ ಬರೆಯಿರಿ. ರಾತ್ರಿ ಪಾಳಿಯವರ ಫೋನಿನಲ್ಲಿ ಕರೆನ್ಸಿ ಇದೆಯಾ ಅಂತಲೂ ಕೇಳಿ.